ಕಾಡ್ಗಿಚ್ಚಿನ ಋತುವಿಗೆ ಸಜ್ಜಾಗುವ ಬಗೆ: ಹವೆ ಓದುವುದರಿಂದ ಕೊನೆಯ ಕೆಂಡ ಆರಿಸುವವರೆಗೆ

ಕಾಡಿಗೆ ಬಿದ್ದ ಬೆಂಕಿ ಒಂದೆರಡು ಎಕರೆಯಲ್ಲಿ ಆರುತ್ತದೆಯೋ, ಸಾವಿರಾರು ಎಕರೆಗೆ ಹಬ್ಬುತ್ತದೆಯೋ ಎಂಬುದು ಬಹುಮಟ್ಟಿಗೆ ಅದು ಬೀಳುವ ಮೊದಲೇ ತೀರ್ಮಾನವಾಗಿರುತ್ತದೆ. ಉರಿಯಬಲ್ಲ ಸಾಮಗ್ರಿ, ಹವೆ, ನೆಲದ ಇಳಿಜಾರು ಎಂಬ ಮೂರು ಸಂಗತಿಗಳು ಬೆಂಕಿಯ ನಡೆಯನ್ನು ಆಳುತ್ತವೆ. ಇಳಿಜಾರನ್ನು ನಾವು ಬದಲಿಸಲಾರೆವು, ಹವೆಯನ್ನೂ ಬದಲಿಸಲಾರೆವು, ಆದರೆ ಹವೆಯನ್ನು ಮುಂಚಿತವಾಗಿ ಓದಬಲ್ಲೆವು; ಸಾಮಗ್ರಿಯನ್ನಂತೂ ಕೈಯಾರೆ ಕಡಿಮೆ ಮಾಡಬಲ್ಲೆವು. ಕಾಡಂಚಿನ ಊರುಗಳ ಕಾರ್ಯಪಡೆ, ಅರಣ್ಯ ಸಿಬ್ಬಂದಿ, ಸ್ವಯಂಸೇವಕರು ಒಟ್ಟಾಗಿ ಒಂದು ಪ್ರದೇಶವನ್ನು ಬೆಂಕಿಯ ಋತುವಿಗೆ ಸಜ್ಜುಗೊಳಿಸುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದೆ. ಪ್ರತಿ ಅಂಕಿಗೂ ಒಂದು ಕೆಲಸ, ಪ್ರತಿ ಕೆಲಸಕ್ಕೂ ಒಬ್ಬ ಹೊಣೆಗಾರ ಮೊದಲೇ ಗೊತ್ತಾಗಿರಬೇಕು ಎಂಬುದೇ ಈ ಹಂತಗಳೆಲ್ಲದರ ಹಿಂದಿರುವ ಸೂತ್ರ. ಆರ್ದ್ರತೆ ಶೇ. 20ಕ್ಕೆ ಇಳಿದಿದೆ ಎಂದು ಫಲಕದ ಮೇಲೆ ಬರೆದು, ಅದನ್ನು ನೋಡಿ ಯಾರೂ ಏನನ್ನೂ ಮಾಡದಿದ್ದರೆ ಆ ಅಂಕಿಯನ್ನು ಬರೆದದ್ದೇ ದಂಡ.

ಹಂತ 1: ಹಿಂದಿನ ಬೆಂಕಿಗಳ ನಕ್ಷೆ

ಬೆಂಕಿಗೆ ಅಭ್ಯಾಸಬಲವಿದೆ, ಅದು ವರ್ಷ ವರ್ಷವೂ ಹೆಚ್ಚುಕಡಿಮೆ ಅದೇ ರಸ್ತೆಬದಿ, ಅದೇ ಹುಲ್ಲುಗಾವಲಿನ ಅಂಚು, ಅದೇ ವಿದ್ಯುತ್ ತಂತಿಯ ಸಾಲಿನ ಕೆಳಗೆ ಹುಟ್ಟುತ್ತದೆ. ಆದ್ದರಿಂದ ಕಳೆದ ಹತ್ತು ವರ್ಷಗಳ ಬೆಂಕಿಗಳನ್ನು ಒಂದೇ ನಕ್ಷೆಯ ಮೇಲೆ ಗುರುತಿಸುವುದು ಮೊದಲ ಕೆಲಸ. ದಾಖಲೆ ಸರಿಯಾಗಿಲ್ಲದ ಕಡೆ ಉಪಗ್ರಹದ ಮಾಹಿತಿ ನೆರವಿಗೆ ಬರುತ್ತದೆ. ನಾಸಾ ಸಂಸ್ಥೆಯ ಫರ್ಮ್ಸ್ ವ್ಯವಸ್ಥೆಯು ಮೋಡಿಸ್ ಮತ್ತು ವಿರ್ಸ್ ಎಂಬ ಉಪಗ್ರಹ ಉಪಕರಣಗಳು ಕಂಡ ಉಷ್ಣ ಬಿಂದುಗಳನ್ನು ಸಾಮಾನ್ಯವಾಗಿ ಮೂರು ಗಂಟೆಯೊಳಗೆ ಉಚಿತವಾಗಿ ಒದಗಿಸುತ್ತದೆ, ಹಳೆಯ ವರ್ಷಗಳ ಮಾಹಿತಿಯನ್ನೂ ಕೊಡುತ್ತದೆ.

ಆದರೆ ಆ ಬಿಂದುಗಳನ್ನು ಓದುವಾಗ ಎಚ್ಚರ ಬೇಕು. ಮೋಡಿಸ್‌ನ ಒಂದು ಚೌಕ ಸುಮಾರು 1 ಕಿ.ಮೀ. ಅಗಲದ್ದು, ವಿರ್ಸ್‌ನದು 375 ಮೀಟರಿನದು. ನಕ್ಷೆಯ ಮೇಲೆ ಕಾಣುವ ಚುಕ್ಕೆ ಆ ಚೌಕದ ನಡುಬಿಂದುವೇ ಹೊರತು ಬೆಂಕಿ ನಿಂತಿರುವ ಜಾಗವಲ್ಲ. ವಿರ್ಸ್ ಹೊತ್ತ ಉಪಗ್ರಹಗಳು ಸ್ಥಳೀಯ ಕಾಲಮಾನದ ಪ್ರಕಾರ ಮಧ್ಯಾಹ್ನ ಮತ್ತು ನಡುರಾತ್ರಿ ಒಂದೂವರೆಯ ಆಸುಪಾಸಿನಲ್ಲಿ ಹಾದುಹೋಗುವುದರಿಂದ, ಮೂರು ಗಂಟೆಗೆ ಹೊತ್ತಿ ಏಳು ಗಂಟೆಗೆ ಆರಿದ ಹುಲ್ಲಿನ ಬೆಂಕಿ ಅವುಗಳ ಕಣ್ಣಿಗೆ ಬೀಳದೆಯೇ ಹೋಗಬಹುದು. ಮೋಡ, ದಟ್ಟ ಹೊಗೆ, ಮೇಲ್ಛಾವಣಿಯಂತೆ ಕವಿದ ಮರಗಳ ಕೆಳಗೆ ತೆವಳುವ ಬೆಂಕಿ ಕೂಡ ತಪ್ಪಿಸಿಕೊಳ್ಳುತ್ತವೆ. ಹೊಲದಲ್ಲಿ ಕೂಳೆ ಸುಟ್ಟದ್ದು, ಇಟ್ಟಿಗೆ ಗೂಡು, ಕಾರ್ಖಾನೆಯ ಕುಲುಮೆ ಸಹ ಕಾಡ್ಗಿಚ್ಚಿನಂತೆಯೇ ದಾಖಲಾಗುತ್ತವೆ. ಹೀಗಾಗಿ ಚುಕ್ಕೆಗಳನ್ನು ಸ್ಥಳ ಬಲ್ಲವರೊಂದಿಗೆ ಕೂತು ಸೋಸಬೇಕು. ಉಳಿದವುಗಳ ಪಕ್ಕದಲ್ಲಿ ತಿಂಗಳು, ಹೊತ್ತು, ಗೊತ್ತಿದ್ದರೆ ಕಾರಣ ಬರೆದರೆ, ಕಾವಲು ಎಲ್ಲಿ ಬೇಕು, ಯಾವ ವಾರದಿಂದ ಬೇಕು ಎಂಬುದು ತಾನಾಗಿಯೇ ಎದ್ದು ಕಾಣುತ್ತದೆ.

ಹಂತ 2: ಒಣಗಿದ ಸಾಮಗ್ರಿಯನ್ನು ಅಳೆಯುವುದು

ಸತ್ತ ಸಾಮಗ್ರಿಯು ಗಾಳಿಯ ತೇವಕ್ಕೆ ಹೊಂದಿಕೊಳ್ಳಲು ತೆಗೆದುಕೊಳ್ಳುವ ಕಾಲ ಅದರ ದಪ್ಪವನ್ನು ಅವಲಂಬಿಸಿದೆ. ಸುಮಾರು 6 ಮಿ.ಮೀ.ಗಿಂತ ತೆಳ್ಳಗಿನ ಹುಲ್ಲು, ತರಗೆಲೆ, ಕಡ್ಡಿಗಳು ಒಂದು ಗಂಟೆಯ ವರ್ಗ, 25 ಮಿ.ಮೀ.ವರೆಗಿನ ರೆಂಬೆಗಳು ಹತ್ತು ಗಂಟೆಯವು, 75 ಮಿ.ಮೀ.ವರೆಗಿನವು ನೂರು ಗಂಟೆಯವು; ಅದಕ್ಕಿಂತ ದಪ್ಪನೆಯ ದಿಮ್ಮಿಗಳು ಸಾವಿರ ಗಂಟೆಯವು. ನಿನ್ನೆ ಸಂಜೆ ಮಳೆ ಬಂದಿತ್ತು, ಇವತ್ತು ಭಯವಿಲ್ಲ ಎಂಬ ಮಾತು ಏಕೆ ಅಪಾಯಕಾರಿ ಎಂಬುದು ಇದರಿಂದ ತಿಳಿಯುತ್ತದೆ: ಬಿಸಿಲು, ಗಾಳಿ ಎರಡೂ ಇದ್ದರೆ ತೆರೆದ ಹುಲ್ಲುಗಾವಲು ಮಧ್ಯಾಹ್ನದ ಹೊತ್ತಿಗೆ ಮತ್ತೆ ಉರಿಯಲು ತಯಾರಾಗಿರುತ್ತದೆ. ಅದೇ ರೀತಿ, ತಿಂಗಳುಗಟ್ಟಲೆ ಒಣಗಿದ ದಿಮ್ಮಿಯ ಒಳಗಿನ ಬರವನ್ನು ಒಂದು ಹದ ಮಳೆ ನೀಗಿಸಲಾರದು.

ತೇವಾಂಶವನ್ನು ಅಳೆಯಲು ದುಬಾರಿ ಉಪಕರಣವೇ ಬೇಕೆಂದಿಲ್ಲ. ನೆರಳಿನ ತಾಣವೊಂದರಿಂದ, ಬಿಸಿಲಿನ ತಾಣವೊಂದರಿಂದ ತಲಾ 100 ಗ್ರಾಂ ತರಗೆಲೆಯನ್ನು ಮಧ್ಯಾಹ್ನ ಎರಡರ ಹೊತ್ತಿಗೆ ಗಾಳಿಯಾಡದ ಡಬ್ಬಿಯಲ್ಲಿ ತುಂಬಿ ತಂದು, ತೂಗಿ, 105 ಡಿಗ್ರಿ ಸೆಲ್ಸಿಯಸ್‌ನ ಒಲೆಪೆಟ್ಟಿಗೆಯಲ್ಲಿ ಒಂದು ದಿನ ಒಣಗಿಸಿ ಮತ್ತೆ ತೂಗಬೇಕು. 100 ಗ್ರಾಂ ಇದ್ದದ್ದು 92 ಗ್ರಾಮಿಗೆ ಇಳಿದರೆ, ಹೋದ 8 ಗ್ರಾಂ ನೀರನ್ನು ಒಣ ತೂಕವಾದ 92ರಿಂದ ಭಾಗಿಸಬೇಕು, ಅಂದರೆ ತೇವಾಂಶ ಶೇ. 8.7. ಅನೇಕರು ಇಲ್ಲಿ ಹಸಿ ತೂಕದಿಂದ ಭಾಗಿಸಿ ಎಡವುತ್ತಾರೆ. ತೆಳು ಸಾಮಗ್ರಿಯ ತೇವಾಂಶ ಶೇ. 10ಕ್ಕಿಂತ ಕೆಳಗಿಳಿದರೆ ಒಂದು ಕಿಡಿಯೂ ಸಾಕು ಎಂದು ಭಾವಿಸಿ ನಡೆಯುವುದು ಲೇಸು. ಇದರ ಜೊತೆಗೆ ಕೈಗೂ ಒಂದು ಅಂದಾಜು ಕಲಿಸಬೇಕು: ಮುಷ್ಟಿಯಲ್ಲಿ ಹಿಡಿದ ತರಗೆಲೆ ಮಡಚಿಕೊಂಡರೆ ಇನ್ನೂ ತೇವವಿದೆ, ಹಪ್ಪಳದಂತೆ ಮುರಿದು ಪುಡಿಯಾದರೆ ಇಲ್ಲ. ತೂಕದ ಅಂಕಿಯನ್ನೂ ಕೈಯ ಅಂದಾಜನ್ನೂ ಒಂದೇ ಪುಸ್ತಕದಲ್ಲಿ ಪಕ್ಕಪಕ್ಕ ಬರೆಯುತ್ತಾ ಹೋದರೆ, ಎರಡನೆಯ ಋತುವಿನ ಹೊತ್ತಿಗೆ ಕೈ ಅಷ್ಟಾಗಿ ತಪ್ಪುವುದಿಲ್ಲ.

ಹಂತ 3: ಬೆಂಕಿಯ ಹವೆಯನ್ನು ಓದುವುದು

ತಾಪಮಾನ, ಸಾಪೇಕ್ಷ ಆರ್ದ್ರತೆ, ಗಾಳಿ, ಮಳೆ ಎಂಬ ನಾಲ್ಕನ್ನು ಪ್ರತಿದಿನ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ದಾಖಲಿಸಬೇಕು. ಆರ್ದ್ರತೆಗೆ ಎರಡು ತಾಪಮಾಪಕಗಳ ಹಳೆಯ ವಿಧಾನ ಇಂದಿಗೂ ನಂಬಿಕಸ್ತವಾಗಿದೆ. ಒಂದರ ಬುರುಡೆಗೆ ಒದ್ದೆ ಬತ್ತಿ ಸುತ್ತಿ ಗಾಳಿಯಲ್ಲಿ ತಿರುಗಿಸಿದಾಗ, ಒಣ ಮಾಪಕ 36 ಡಿಗ್ರಿಯನ್ನೂ ಒದ್ದೆಯದು 22 ಡಿಗ್ರಿಯನ್ನೂ ತೋರಿಸಿದರೆ, ಸಮುದ್ರಮಟ್ಟದ ಆಸುಪಾಸಿನಲ್ಲಿ ಆರ್ದ್ರತೆ ಶೇ. 29ರ ಹತ್ತಿರ ಇದೆಯೆಂದು ಅರ್ಥ. ಬತ್ತಿ ಕೊಳೆಯಾಗಿದ್ದರೆ ಅಥವಾ ಅರೆಬರೆ ಒಣಗಿದ್ದರೆ ಆರ್ದ್ರತೆ ಇರುವುದಕ್ಕಿಂತ ಹೆಚ್ಚು ತೋರುತ್ತದೆ. ಅಪಾಯವನ್ನು ಮರೆಮಾಚುವ ತಪ್ಪು ಇದು, ಹಾಗಾಗಿ ಬತ್ತಿಯನ್ನು ಆಗಾಗ ಬದಲಿಸಬೇಕು. ಗಾಳಿಯಲ್ಲಿನ ನೀರಿನಂಶ ಬದಲಾಗದಿದ್ದರೆ ತಾಪಮಾನ 11 ಡಿಗ್ರಿ ಏರಿದಾಗ ಆರ್ದ್ರತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಬೆಳಗಿನ ಆರ್ದ್ರತೆಯನ್ನು ನೋಡಿಯೇ ಮಧ್ಯಾಹ್ನದ್ದನ್ನು ಸ್ಥೂಲವಾಗಿ ಊಹಿಸಬಹುದು.

ತಾಪಮಾನ 30 ಡಿಗ್ರಿಗಿಂತ ಮೇಲೆ, ಆರ್ದ್ರತೆ ಶೇ. 30ಕ್ಕಿಂತ ಕೆಳಗೆ, ಗಾಳಿ ಗಂಟೆಗೆ 30 ಕಿ.ಮೀ.ಗಿಂತ ಹೆಚ್ಚು ಎಂಬ ಮೂವತ್ತರ ಸೂತ್ರ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ನೆನಪಿಡಲು ಅದು ಅನುಕೂಲವೇ ಸರಿ, ಆದರೆ ಅದನ್ನೇ ನೆಚ್ಚಿಕೊಳ್ಳಬಾರದು. ಬಿಸಿ ಪ್ರದೇಶಗಳಲ್ಲಿ ಮೊದಲ ಎರಡು ಷರತ್ತುಗಳು ಬೇಸಿಗೆಯುದ್ದಕ್ಕೂ ಪೂರೈಸಿಯೇ ಇರುತ್ತವೆ, ತಂಪು ಪ್ರದೇಶಗಳಲ್ಲಿ 22 ಡಿಗ್ರಿಯಲ್ಲೂ ಒಣಗಾಳಿಗೆ ಕಾಡು ಉರಿದುಹೋಗುತ್ತದೆ.

ನಾಲ್ಕರಲ್ಲಿ ಅತ್ಯಂತ ಕಪಟಿಯೆಂದರೆ ಗಾಳಿ. ಅದರ ವೇಗಕ್ಕಿಂತಲೂ ದಿಕ್ಕಿನ ಬದಲಾವಣೆಯೇ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿದೆ ಎಂಬುದು ನನ್ನ ಎಣಿಕೆ. 2009ರ ಫೆಬ್ರವರಿ 7ರಂದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ, ಮೆಲ್ಬರ್ನ್‌ನ ತಾಪಮಾನ 46.4 ಡಿಗ್ರಿ ಮುಟ್ಟಿದ ದಿನ, ಬಡಗಣ ಬಿಸಿಗಾಳಿ ಬೆಂಕಿಯನ್ನು ಉದ್ದನೆಯ ನಾಲಿಗೆಯಂತೆ ಚಾಚಿಸಿತ್ತು. ಸಂಜೆಯ ಹೊತ್ತಿಗೆ ಶೀತಮುಖ (ನುಗ್ಗಿಬರುವ ತಣ್ಣನೆಯ ಗಾಳಿಯ ಮುಂಚೂಣಿ) ಬಂದು ಗಾಳಿ ನೈಋತ್ಯಕ್ಕೆ ತಿರುಗಿದಾಗ, ಅಷ್ಟುದ್ದದ ಪಕ್ಕೆಯೇ ಇಡಿಯಾಗಿ ಬೆಂಕಿಯ ಮುಂಭಾಗವಾಗಿ ಮಾರ್ಪಟ್ಟಿತು. ಆ ದಿನದ ಬೆಂಕಿಗಳಿಗೆ 173 ಮಂದಿ ಬಲಿಯಾದರು. 2013ರ ಜೂನ್ 30ರಂದು ಅಮೆರಿಕದ ಅರಿಜೋನಾದ ಯಾರ್ನೆಲ್ ಹಿಲ್‌ನಲ್ಲಿ ಗುಡುಗುಮಳೆಯ ಮೋಡದಿಂದ ಕೆಳಗೆ ಸುರಿದ ಗಾಳಿ ಬೆಂಕಿಯನ್ನು ತಿರುಗಿಸಿದಾಗ 19 ಅಗ್ನಿಶಾಮಕರು ಜೀವ ಕಳೆದುಕೊಂಡರು. ಆದ್ದರಿಂದ ಮುನ್ಸೂಚನೆಯಲ್ಲಿ ಗಾಳಿ ಎಷ್ಟಿದೆ ಎಂಬ ಪ್ರಶ್ನೆಯ ಬೆನ್ನಿಗೇ ಅದು ಯಾವಾಗ ತಿರುಗುತ್ತದೆ, ತಿರುಗಿದರೆ ಯಾವ ಪಕ್ಕೆ ಮುಂಭಾಗವಾಗುತ್ತದೆ ಎಂದು ಕೇಳಿ, ಉತ್ತರವನ್ನು ನಕ್ಷೆಯ ಮೇಲೆ ಬಾಣದ ಗುರುತಿನಿಂದ ಬರೆದಿಡಬೇಕು. ಬೆಟ್ಟಗುಡ್ಡಗಳಲ್ಲಿ ಇದಕ್ಕೆ ದಿನಚರಿಯ ಗಾಳಿಯೂ ಸೇರುತ್ತದೆ. ಹಗಲು ಕಣಿವೆಯಿಂದ ಮೇಲಕ್ಕೆ ಬೀಸುವುದು ರಾತ್ರಿ ಕೆಳಕ್ಕೆ ಇಳಿಯುತ್ತದೆ, ಈ ಎರಡರ ನಡುವಿನ ಸಂಧಿಕಾಲದಲ್ಲಿ ಅದರ ನಡೆ ಹೇಳತೀರದು.

ಹಂತ 4: ಸೂಚ್ಯಂಕವನ್ನು ಕೆಲಸಕ್ಕೆ ಜೋಡಿಸುವುದು

ಈ ಅಂಕಿಗಳನ್ನೆಲ್ಲ ಒಂದಾಗಿಸುವ ಸೂಚ್ಯಂಕಗಳಲ್ಲಿ ಕೆನಡಾದ ಬೆಂಕಿಹವೆ ಸೂಚ್ಯಂಕ ಅತಿ ಹೆಚ್ಚು ದೇಶಗಳಿಗೆ ಹರಡಿದೆ. ಯುರೋಪಿನ ಕಾಡ್ಗಿಚ್ಚು ಮಾಹಿತಿ ವ್ಯವಸ್ಥೆಯೂ ಅದನ್ನೇ ಬಳಸುತ್ತದೆ. ನಡುಹಗಲಿನ ತಾಪಮಾನ, ಆರ್ದ್ರತೆ, 10 ಮೀಟರ್ ಎತ್ತರದ ಗಾಳಿ ಮತ್ತು ಹಿಂದಿನ 24 ಗಂಟೆಯ ಮಳೆ ಇಷ್ಟೇ ಅದಕ್ಕೆ ಬೇಕಾದದ್ದು. ಅದರೊಳಗೆ ತೇವಾಂಶದ ಮೂರು ಲೆಕ್ಕಗಳಿವೆ: ಮೇಲ್ಪದರದ ತರಗೆಲೆಯದು, ಅದರ ಕೆಳಗಿನ ಅರೆಕೊಳೆತ ಪದರದ್ದು, ಆಳದ ಬರಗಾಲದ್ದು. ಮೊದಲನೆಯದು ಅರ್ಧ ಮಿ.ಮೀ.ಗಿಂತ ಹೆಚ್ಚಿನ ಮಳೆಗೆ ಸ್ಪಂದಿಸಿದರೆ, ಎರಡನೆಯದಕ್ಕೆ 1.5 ಮಿ.ಮೀ., ಮೂರನೆಯದಕ್ಕೆ 2.8 ಮಿ.ಮೀ. ದಾಟಬೇಕು. ಬೆಂಕಿ ಹತ್ತಿಕೊಳ್ಳುವುದು ಎಷ್ಟು ಸುಲಭ ಎಂಬುದನ್ನು ಮೊದಲ ಲೆಕ್ಕ ಹೇಳುತ್ತದೆ, ಆರಿಸುವುದು ಎಷ್ಟು ಕಷ್ಟ ಎಂಬುದನ್ನು ಕೊನೆಯದು ಹೇಳುತ್ತದೆ. ಸಿಬ್ಬಂದಿಯನ್ನು ಹಂಚುವಾಗ ಈ ವ್ಯತ್ಯಾಸ ಬಹಳ ಉಪಯೋಗಕ್ಕೆ ಬರುತ್ತದೆ.

ಬೇರೊಂದು ದೇಶದ ಮಿತಿಗಳನ್ನು ಹಾಗೇ ಎತ್ತಿ ತಂದರೆ ಪ್ರಯೋಜನವಿಲ್ಲ. ತಮ್ಮ ಪ್ರದೇಶದ ಹತ್ತು ವರ್ಷಗಳ ದಿನವಹಿ ಸೂಚ್ಯಂಕವನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ಮೊದಲ ಹಂತದಲ್ಲಿ ಗುರುತಿಸಿದ ಬೆಂಕಿಗಳು ಎಂಥ ದಿನಗಳಲ್ಲಿ ಕೈಮೀರಿದವು ಎಂದು ತಾಳೆ ನೋಡಬೇಕು. ಸೂಚ್ಯಂಕ ಅತಿ ಹೆಚ್ಚಿದ್ದ ಶೇ. 10ರಷ್ಟು ದಿನಗಳು ಒಂದು ಮಟ್ಟ, ಅದರಲ್ಲೂ ತುತ್ತತುದಿಯ ಶೇ. 3ರಷ್ಟು ಇನ್ನೊಂದು ಮಟ್ಟ ಎಂದು ಆರಂಭಿಸಿ, ಅನುಭವದ ಮೇಲೆ ತಿದ್ದಿಕೊಳ್ಳಬಹುದು. ಪ್ರತಿ ಮಟ್ಟಕ್ಕೂ ನಿಗದಿಯಾದ ಕೆಲಸ ಇರಲಿ: ಮೊದಲ ಮಟ್ಟದಲ್ಲಿ ಕಾವಲು ಗೋಪುರದಲ್ಲಿ ಹಗಲಿಡೀ ಜನ, ತೆರೆದ ಬೆಂಕಿಗೆ ನಿಷೇಧ, ಎರಡನೆಯದರಲ್ಲಿ ರಜೆ ರದ್ದು, ವಾಹನಗಳಿಗೆ ನೀರು ತುಂಬಿ ಆಯಕಟ್ಟಿನ ಕೂಡುರಸ್ತೆಗಳಲ್ಲಿ ನಿಲುಗಡೆ, ಕಾಡುದಾರಿಗಳಿಗೆ ತಡೆ, ನೆರೆಯ ಪ್ರದೇಶಗಳಿಗೆ ಮುನ್ಸೂಚನೆ. ಆಸ್ಟ್ರೇಲಿಯಾ 2022ರ ಸೆಪ್ಟೆಂಬರ್ 1ರಿಂದ ತನ್ನ ಹಳೆಯ ಆರು ಮಟ್ಟಗಳನ್ನು ನಾಲ್ಕಕ್ಕೆ ಇಳಿಸಿ, ಒಂದೊಂದಕ್ಕೂ ಸಾರ್ವಜನಿಕರು ಮಾಡಬೇಕಾದದ್ದೇನೆಂದು ಒಂದೇ ವಾಕ್ಯ ಜೋಡಿಸಿತು. ಹತ್ತು ಮಟ್ಟಗಳ ಅಂದವಾದ ಬಣ್ಣದ ಚಕ್ರಕ್ಕಿಂತ ಅಂಥ ನಾಲ್ಕೇ ಮಟ್ಟ ಮೇಲು.

ಹಂತ 5: ಬೆಂಕಿ ರೇಖೆ ಮತ್ತು ಮನೆಯ ಸುತ್ತಲಿನ ನೆಲ

ಬೆಂಕಿ ರೇಖೆಯನ್ನು, ಅಂದರೆ ಬೆಂಕಿ ದಾಟದಂತೆ ಉರಿಯುವ ಸಾಮಗ್ರಿಯನ್ನೆಲ್ಲ ತೆಗೆದ ಪಟ್ಟಿಯನ್ನು, ಒಣಗಾಲ ಶುರುವಾಗುವ ಮೊದಲೇ, ಬರಿಮಣ್ಣು ಕಾಣುವಂತೆ ಕೆರೆದು ಮುಗಿಸಬೇಕು. ಬೇರು, ಅರೆಕೊಳೆತ ಎಲೆ ಉಳಿದರೆ ಬೆಂಕಿ ಅದರೊಳಗೇ ನುಸುಳಿ ಆಚೆ ದಾಟುತ್ತದೆ. ಪಕ್ಕದ ಗಿಡಗಂಟಿಯ ಎತ್ತರದ ಒಂದೂವರೆ ಪಟ್ಟು ಅಗಲ ಕನಿಷ್ಠವೆಂದು ಹಿಡಿಯುವುದು ವಾಡಿಕೆ. ಕೆರೆದ ಮೇಲೆ ತರಗೆಲೆ ಮತ್ತೆ ಉದುರುತ್ತದೆ, ಆದ್ದರಿಂದ ಋತುವಿನ ನಡುವೆ ಇನ್ನೊಮ್ಮೆ ಗುಡಿಸದ ರೇಖೆ ಕಾಗದದ ಮೇಲಿನ ರೇಖೆಯಷ್ಟೇ. ರೇಖೆಯೊಳಗಿನ ಕಸವನ್ನು ಸುಡುವುದಿದ್ದರೆ ಅಧಿಕಾರಿಗಳ ಒಪ್ಪಿಗೆ, ತೇವಾಂಶದ ಅಂಕಿ, ಸಾಕಷ್ಟು ಜನ ಈ ಮೂರೂ ಇರಬೇಕು.

ಮನೆಗಳ ವಿಷಯದಲ್ಲಿ ಜನರ ಕಲ್ಪನೆ ಹೆಚ್ಚಾಗಿ ತಪ್ಪು. ಬೆಂಕಿಯ ಗೋಡೆ ಬಂದು ಮನೆಯನ್ನು ನುಂಗುತ್ತದೆ ಎಂದುಕೊಳ್ಳುತ್ತೇವೆ, ಆದರೆ ಬಹಳಷ್ಟು ಮನೆಗಳು ಗಾಳಿಯಲ್ಲಿ ಹಾರಿ ಬಂದ ಕೆಂಡದ ಚೂರುಗಳಿಂದ ಹೊತ್ತಿಕೊಳ್ಳುತ್ತವೆ. 2018ರ ನವೆಂಬರ್ 8ರಂದು ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣದಲ್ಲಿ ಮುಖ್ಯ ಬೆಂಕಿ ತಲುಪುವ ಮೊದಲೇ ಕೆಂಡಗಳು ಊರೊಳಗೆ ಅಲ್ಲಲ್ಲಿ ಹೊಸ ಬೆಂಕಿ ಹಚ್ಚಿದವು. ಆ ಅವಘಡದಲ್ಲಿ 85 ಜನ ಸತ್ತರು. ಆದ್ದರಿಂದ ಗೋಡೆಯಿಂದ 1.5 ಮೀಟರ್ ಒಳಗೆ ಉರಿಯುವಂಥದ್ದು ಏನೂ ಇರಬಾರದು. 9 ಮೀಟರ್‌ವರೆಗೆ ಒಣಹುಲ್ಲು, ಸೌದೆ ರಾಶಿ ಇರಬಾರದು. 30 ಮೀಟರ್‌ವರೆಗೆ ಗಿಡಗಳನ್ನು ಒಂದಕ್ಕೊಂದು ತಾಗದಂತೆ ವಿರಳಗೊಳಿಸಬೇಕು. ಸೂರಿನ ದೋಣಿಯಲ್ಲಿ ಸೇರಿದ ಎಲೆ, ಕಾಲೊರಸು, ಗಾಳಿಕಿಂಡಿಗಳನ್ನು ಮೊದಲು ನೋಡಬೇಕು. ಕೈಯಲ್ಲಿ ಒಂದೇ ದಿನ ಉಳಿದಿದ್ದರೆ ಮನೆಗೆ ಅಂಟಿದ ಆ ಒಂದೂವರೆ ಮೀಟರನ್ನೇ ಹಸನು ಮಾಡುವುದು ಜಾಣತನ.

ಹಂತ 6: ಜನ, ಸಲಕರಣೆ, ಸಂಪರ್ಕ

ಉಡುಪು ಹತ್ತಿಯದೋ ಉಣ್ಣೆಯದೋ ಆಗಿರಬೇಕು. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಗಟ್ಟಿ ಚರ್ಮದ ಬೂಟು, ಕೈಗವಸು, ಕನ್ನಡಕ, ತಲೆಗಾಪು ಇಲ್ಲದವರನ್ನು ರೇಖೆಯ ಮೇಲೆ ಬಿಡಬಾರದು. ಗುದ್ದಲಿ, ಕುಂಟೆ, ಮಚ್ಚು, ಬೆಂಕಿ ಬಡಿಯುವ ಹಸಿ ಸೊಪ್ಪಿನ ಬರಲು, ಬೆನ್ನಿಗೆ ಹಾಕುವ ಸುಮಾರು 20 ಲೀಟರಿನ ನೀರಿನ ಚೀಲ, ಎಲೆ ಊದುವ ಯಂತ್ರ ಇವಿಷ್ಟಿದ್ದರೆ ಸಣ್ಣ ತಂಡ ದೊಡ್ಡ ಕೆಲಸ ಮಾಡುತ್ತದೆ. ಕುಡಿಯುವ ನೀರನ್ನು ಬೇರೆಯಾಗಿಯೇ ಲೆಕ್ಕ ಹಾಕಬೇಕು. ಬಿಸಿಯಲ್ಲಿ ದುಡಿಯುವವನಿಗೆ ಗಂಟೆಗೆ ಒಂದು ಲೀಟರ್ ಬೇಕಾಗಬಹುದು.

ಇಲ್ಲೊಂದು ಸ್ವಂತ ಅನುಭವ. ಋತುವಿನ ಆರಂಭದ ಪರಿಶೀಲನೆಯಲ್ಲಿ ನಾವು ಪಂಪನ್ನು ಚಾಲೂ ಮಾಡಿ, ಶಬ್ದ ಕೇಳಿ, ಪಟ್ಟಿಯಲ್ಲಿ ಸರಿ ಗುರುತು ಹಾಕಿದ್ದೆವು. ಬೆಂಕಿಯ ದಿನ ಅದನ್ನು ಹಳ್ಳಕ್ಕಿಳಿಸಿದಾಗ ಯಂತ್ರ ಓಡಿತು, ನೀರು ಮಾತ್ರ ಮೇಲೇರಲಿಲ್ಲ. ಹೀರುಕೊಳವೆಯ ತುದಿಯ ರಬ್ಬರ್ ಉಂಗುರ ಒಣಗಿ ಸೀಳಿತ್ತು. ಅಂದಿನಿಂದ ಪರಿಶೀಲನೆ ಎಂದರೆ ನಿಜವಾದ ನೀರನ್ನು, ನಿಜವಾದ ಎತ್ತರಕ್ಕೆ, ಹತ್ತು ನಿಮಿಷ ಹಾಯಿಸಿ ನೋಡುವುದು. ವಾಕಿಟಾಕಿಗಳಿಗೂ ಇದೇ ನಿಯಮ: ಕಚೇರಿಯ ಅಂಗಳದಲ್ಲಿ ಅಲ್ಲ, ಕಣಿವೆಯ ತಳದಲ್ಲಿ ನಿಂತು ಮಾತಾಡಿಸಿ, ದನಿ ಸಿಗದ ತಾಣಗಳನ್ನು ನಕ್ಷೆಯಲ್ಲಿ ಗುರುತಿಸಬೇಕು.

ಹಂತ 7: ಮೊದಲ ದಾಳಿ

ಸ್ಥಳ ತಲುಪಿದ ಕೂಡಲೇ ಗುದ್ದಲಿ ಎತ್ತಬಾರದು. ಬೆಂಕಿಯ ಉದ್ದಗಲ, ಮುನ್ನಡೆಯುವ ದಿಕ್ಕು, ಜ್ವಾಲೆಯ ಉದ್ದ, ಮುಂದಿರುವ ಸಾಮಗ್ರಿ, ಹತ್ತಿರದ ಮನೆಗಳು ಇವನ್ನು ಎರಡು ನಿಮಿಷ ನಿಂತು ನೋಡಿ ವರದಿ ಕೊಡಬೇಕು. ಜ್ವಾಲೆ 1.2 ಮೀಟರ್‌ಗಿಂತ ಚಿಕ್ಕದಿದ್ದರೆ ಕೈಸಲಕರಣೆಗಳಿಂದ ಎದುರಿಸಬಹುದು, ಅಲ್ಲಿಂದ 2.4 ಮೀಟರ್‌ವರೆಗೆ ನೀರಿನ ವಾಹನ, ಯಂತ್ರಗಳು ಬೇಕು. ಅದನ್ನೂ ಮೀರಿದರೆ ಮುಂಭಾಗದ ಗೊಡವೆಗೆ ಹೋಗದೆ ಪಕ್ಕೆಗಳನ್ನು ಕಟ್ಟಿಹಾಕುವುದೇ ದಾರಿ. ರಸ್ತೆ, ಬಂಡೆ, ಹೊಳೆಯಂಥ ಉರಿಯದ ಜಾಗದಿಂದ ರೇಖೆ ಆರಂಭಿಸಬೇಕು, ಇಲ್ಲದಿದ್ದರೆ ಬೆಂಕಿ ಬೆನ್ನ ಹಿಂದಿನಿಂದ ಸುತ್ತಿ ಬರುತ್ತದೆ. ಎದುರು ಬೆಂಕಿ ಕೊಡುವ, ಅಂದರೆ ಬರುವ ಬೆಂಕಿಗೆ ಸಾಮಗ್ರಿ ಸಿಗದಂತೆ ಅದರ ಮುಂದಿನದನ್ನು ನಾವೇ ಸುಡುವ, ತೀರ್ಮಾನ ತರಬೇತಿ ಪಡೆದ ಮುಖಂಡನೊಬ್ಬನದೇ ಆಗಿರಬೇಕು.

ಇಳಿಜಾರು 10 ಡಿಗ್ರಿ ಹೆಚ್ಚಿದರೆ ಮೇಲೇರುವ ಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬ ಲೆಕ್ಕವನ್ನು ಪ್ರತಿಯೊಬ್ಬ ಸ್ವಯಂಸೇವಕನೂ ಬಾಯಿಪಾಠ ಮಾಡಿರಬೇಕು. ಹತ್ತುವವನ ವೇಗ ಅದೇ ಇಳಿಜಾರಿನಲ್ಲಿ ಕುಗ್ಗುತ್ತದೆ. 1949ರ ಆಗಸ್ಟ್ 5ರಂದು ಅಮೆರಿಕದ ಮೊಂಟಾನಾದ ಮ್ಯಾನ್ ಗಲ್ಚ್ ಕಣಿವೆಯಲ್ಲಿ ಕೆಳಗಿನಿಂದ ಬಂದ ಬೆಂಕಿ 13 ಜನರನ್ನು ಬಲಿ ಪಡೆಯಿತು. ಮುಖಂಡ ವ್ಯಾಗ್ನರ್ ಡಾಡ್ಜ್ ತನ್ನ ಮುಂದಿನ ಹುಲ್ಲಿಗೆ ತಾನೇ ಕಡ್ಡಿ ಗೀರಿ, ಸುಟ್ಟ ಬೂದಿಯ ಮೇಲೆ ಬೋರಲು ಮಲಗಿ ಬದುಕಿದನು, ಆದರೆ ಆತನ ಕೂಗಿನ ಅರ್ಥ ತಂಡದವರಿಗೆ ಆ ಕ್ಷಣದಲ್ಲಿ ಆಗಲಿಲ್ಲ. ಏರು ದಾರಿಯಲ್ಲಿ ಬೆಂಕಿಯ ಮೇಲ್ಭಾಗದಲ್ಲಿ ನಿಲ್ಲಬಾರದು, ಕಡಿದಾದ ಕೊರಕಲಿನೊಳಗೆ ಇಳಿಯಲೇಬಾರದು.

ಅಮೆರಿಕದ ಅಗ್ನಿಶಾಮಕ ಪಾಲ್ ಗ್ಲೀಸನ್ 1991ರಲ್ಲಿ ಮುಂದಿಟ್ಟ ನಾಲ್ಕು ಪದಗಳ ಕ್ರಮ ಇಂದಿಗೂ ಸಾಟಿಯಿಲ್ಲದ್ದು: ಕಾವಲುಗಾರ, ಸಂಪರ್ಕ, ಪಾರಾಗುವ ದಾರಿಗಳು, ಸುರಕ್ಷಿತ ತಾಣ. ಈ ನಾಲ್ಕೂ ಎಲ್ಲಿವೆ ಎಂದು ತಂಡದ ಕಿರಿಯ ಸದಸ್ಯನೂ ಬೆರಳು ಮಾಡಿ ತೋರಿಸುವವರೆಗೆ ಕೆಲಸ ಆರಂಭಿಸಬಾರದು. ಸಮತಟ್ಟು ನೆಲದಲ್ಲಿ, ಗಾಳಿಯಿಲ್ಲದಾಗಲೂ, ಸುರಕ್ಷಿತ ತಾಣವು ಜ್ವಾಲೆಯ ಎತ್ತರದ ನಾಲ್ಕು ಪಟ್ಟಾದರೂ ದೂರವಿರಬೇಕು. ಇಳಿಜಾರು, ಗಾಳಿ ಸೇರಿದರೆ ಅದು ಏನೇನೂ ಸಾಲದು.

ಹಂತ 8: ಊರು ತೆರವು

ತೆರವಿನ ಆದೇಶ ಜ್ವಾಲೆ ಕಂಡ ಮೇಲೆ ಹುಟ್ಟಬಾರದು. ಊರು ಖಾಲಿಯಾಗಲು ಎರಡು ಗಂಟೆ ಬೇಕಿದ್ದರೆ, ಕೆಟ್ಟ ಹವೆಯಲ್ಲಿ ಬೆಂಕಿ ಮೂರು ಗಂಟೆಯಲ್ಲಿ ಕ್ರಮಿಸಬಹುದಾದ ದೂರದಲ್ಲಿ ಒಂದು ಗುಡ್ಡವನ್ನೋ ಹೊಳೆಯನ್ನೋ ಗಡಿಯಾಗಿ ಗುರುತಿಸಿ, ಬೆಂಕಿ ಅದನ್ನು ದಾಟಿದೊಡನೆ ಚರ್ಚೆಯಿಲ್ಲದೆ ಜನ ಹೊರಡುವಂತೆ ಮಾಡಬೇಕು. ವೃದ್ಧರು, ರೋಗಿಗಳು, ವಾಹನವಿಲ್ಲದವರು ಅದಕ್ಕೂ ಮೊದಲೇ ಹೊರಡಬೇಕು. ಹೊಗೆಗೆ ಬಟ್ಟೆಯ ಮುಸುಕು ಉಪಯೋಗವಿಲ್ಲ. ಸರಿಯಾಗಿ ಕೂರುವ ಎನ್95 ಮುಖಗವಸು ಸೂಕ್ಷ್ಮ ಕಣಗಳನ್ನು ತಡೆಯುತ್ತದೆ, ಕಾರ್ಬನ್ ಮಾನಾಕ್ಸೈಡನ್ನು ತಡೆಯುವುದಿಲ್ಲ.

ಹಂತ 9: ಕೆಂಡ ಆರಿಸುವುದು ಮತ್ತು ಮುಂದಿನ ಮಳೆ

ಜ್ವಾಲೆ ಅಡಗಿದ ಮೇಲೆ ತಂಡ ದಣಿದಿರುತ್ತದೆ, ಮನೆಯ ಕಡೆ ಮನಸ್ಸು ಎಳೆಯುತ್ತದೆ. ಬೆಂಕಿ ಕೈತಪ್ಪುವುದು ಆಗಲೇ. 1991ರ ಅಕ್ಟೋಬರ್ 19ರಂದು ಕ್ಯಾಲಿಫೋರ್ನಿಯಾದ ಓಕ್‌ಲೆಂಡ್ ಗುಡ್ಡಗಳಲ್ಲಿ ಹತೋಟಿಗೆ ಬಂದಿದ್ದ ಸಣ್ಣ ಬೆಂಕಿಯೊಂದು ಮರುದಿನದ ಒಣಗಾಳಿಗೆ ಮತ್ತೆ ಎದ್ದು 25 ಜನರನ್ನೂ ಸುಮಾರು 3,000 ಮನೆಗಳನ್ನೂ ಬಲಿ ತೆಗೆದುಕೊಂಡಿತು. ಆದ್ದರಿಂದ ರೇಖೆಯ ಒಳಗಿನ 30 ಮೀಟರ್ ಅಗಲದ ಪಟ್ಟಿಯನ್ನು ಸಾಲಾಗಿ ನಿಂತು ಗೇಣುಗೇಣು ತಡಕಬೇಕು. ಗವಸು ತೆಗೆದು, ಅಂಗೈಯಲ್ಲ, ಮುಂಗೈಯ ಹಿಂಬದಿಯನ್ನು ಮೊದಲು ಬೂದಿಯ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದು, ಬಿಸಿ ತಾಗದಿದ್ದರೆ ಮೆಲ್ಲಗೆ ಇಳಿಸಿ ಮುಟ್ಟಬೇಕು. ಬೆಚ್ಚಗಿದ್ದರೆ ಅಗೆದು, ನೀರು ಹುಯ್ದು, ಕಲೆಸಿ, ಮತ್ತೆ ಮುಟ್ಟಬೇಕು. ಬೂದಿಯ ನಡುವೆ ಬಿಳಿಯ ಕುಳಿ ಕಂಡರೆ ಕೆಳಗೆ ಬೇರು ಉರಿಯುತ್ತಿರುವ ಸಾಧ್ಯತೆ ಇದೆ. ಅಂಥ ಬೇರನ್ನು ತುದಿಯವರೆಗೂ ಹಿಂಬಾಲಿಸಬೇಕು. ಇಳಿಜಾರಿನ ದಿಮ್ಮಿಗಳು ಉರುಳದಂತೆ ಅಡ್ಡಲಾಗಿ ತಿರುಗಿಸಿ ಕಟ್ಟೆ ಕೊಡಬೇಕು. ಮೂರು ದಿನ ಮಧ್ಯಾಹ್ನ, ಗಾಳಿ ಎದ್ದ ಹೊತ್ತಿನಲ್ಲೇ, ಕಾವಲು ಸುತ್ತಬೇಕು.

ಸುಟ್ಟ ಇಳಿಜಾರಿನ ಕೆಳಗೆ ಜನವಸತಿ ಇದ್ದರೆ ಕೆಲಸ ಇನ್ನೂ ಉಳಿದಿದೆ. ಗಿಡ ಹೋದ ಮಣ್ಣು ನೀರನ್ನು ಹೀರದೆ ಜಾರಿಸುತ್ತದೆ. ಕ್ಯಾಲಿಫೋರ್ನಿಯಾದ ಮಾಂಟೆಸಿಟೊದಲ್ಲಿ ಥಾಮಸ್ ಎಂಬ ಹೆಸರಿನ ಕಾಡ್ಗಿಚ್ಚಿನ ಬೆನ್ನಿಗೇ, 2018ರ ಜನವರಿ 9ರ ಮಳೆಗೆ ಇಳಿದ ಕೆಸರು ಬಂಡೆಗಳ ಪ್ರವಾಹ 20ಕ್ಕೂ ಹೆಚ್ಚು ಜನರನ್ನು ಕೊಂದಿತು. ಮೊದಲ ಮಳೆಗೆ ಮುನ್ನ ಮೋರಿಗಳನ್ನು ಬಿಡಿಸಿ, ಕೊರಕಲಿನ ಬಾಯಿಯಲ್ಲಿರುವ ಮನೆಗಳ ಪಟ್ಟಿ ಮಾಡಿ, ಎಷ್ಟು ಮಿ.ಮೀ. ಮಳೆಯ ಮುನ್ಸೂಚನೆಗೆ ಅವರು ಜಾಗ ಬಿಡಬೇಕು ಎಂಬ ಅಂಕಿಯನ್ನೂ, ಆ ರಾತ್ರಿ ಅವರ ಬಾಗಿಲು ತಟ್ಟುವವರ ಹೆಸರನ್ನೂ ಅದೇ ಪಟ್ಟಿಯ ಎದುರಿಗೆ ಬರೆದಿಡಬೇಕು.